ಅರ್ಧ ಗಂಟೆಯ ಕರಿ ಗುಳಿಗೆ

ಲಿಯನಕ್ಕನ ಗಿಡಮೂಲಿಕೆ ಅಂಗಡಿಗೆ ಆ ಕಾಯಿಲೆ ಅಂತ ಬಾಯಿಬಿಟ್ಟು ಹೇಳಿಕೊಂಡು ನಲವತ್ತು ವರ್ಷದಲ್ಲಿ ಒಬ್ಬ ಗಂಡಸೂ ಬಂದವನಲ್ಲ. ಬಂದವರಿಗೆಲ್ಲ ಸೊಂಟ ನೋವೇ. ನಿಜವಾಗಿ ಸೊಂಟ ಹಿಡಿದವನು ನರಳಿಕೊಂಡು ಬರುತ್ತಾನೆ, ಸ್ಟೂಲು ಕಂಡರೆ ಸಾಕು ಕುಕ್ಕರಿಸುತ್ತಾನೆ. ಈ ಇನ್ನೊಂದು ಥರದವನು ಹಾಗಲ್ಲ. ನೆಟ್ಟಗೆ ನಿಂತು ಒಣ ಎಲಚಿ ಹಣ್ಣಿನ ಬೆಲೆ ಕೇಳುತ್ತಾನೆ, ಶುಂಠಿ ಬುಟ್ಟಿಯಲ್ಲಿ ಕೈಯಾಡಿಸುತ್ತಾನೆ, ಅಂಗಡಿಯಲ್ಲಿರುವ ಹೆಂಗಸರು ಹೊರಗೆ ಹೋಗುವ ತನಕ ಗೋಡೆಯ ಡ್ರಾಯರುಗಳನ್ನು ನೋಡುತ್ತಾ ನಿಲ್ಲುತ್ತಾನೆ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂಗಡಿಯಮ್ಮಾ, ಈ ಸೊಂಟ ಸ್ವಲ್ಪ..." ಅಂತ ಶುರುಮಾಡುತ್ತಾನೆ.

ಲಿಯನಕ್ಕ ನಗುವುದಿಲ್ಲ. "ಎಷ್ಟು ತಿಂಗಳಿಂದ?" ಅಂತ ಕೇಳುತ್ತಾಳೆ, ಅಷ್ಟೇ. ಹೆಸರು ಕೇಳುವುದಿಲ್ಲ, ಎಲ್ಲೂ ಬರೆದುಕೊಳ್ಳುವುದಿಲ್ಲ, ನಾಳೆ ಸಂತೆಯಲ್ಲಿ ಎದುರಾದರೆ ಗುರುತು ಹಿಡಿಯುವುದೂ ಇಲ್ಲ. ಅವಳ ಮಾವ ಖೂ ಮುದುಕನ ಕಾಲದಿಂದ ಆ ಅಂಗಡಿಯ ಕಟ್ಟಳೆ ಅದು. ಚಿಯಾಯಿ ಪೇಟೆಯ ಗಂಡಸರು ಆಸ್ಪತ್ರೆಗೆ ಹೋಗದೆ ಅವಳ ಹತ್ತಿರ ಬರುತ್ತಿದ್ದುದೇ ಅದಕ್ಕೆ. ಆಸ್ಪತ್ರೆಯಲ್ಲಿ ನರ್ಸಮ್ಮ ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತಾಳಲ್ಲ!

ಇಪ್ಪತ್ತೆರಡಕ್ಕೆ ಆ ಮನೆಗೆ ಸೊಸೆಯಾಗಿ ಬಂದವಳು ಲಿಯನ್, ಬೆಟ್ಟದ ಕಡೆಯ ಅನಾನಸ್ ಬೆಳೆಗಾರರ ಮಗಳು. ಮುದುಕ ಮೊದಲ ದಿನವೇ ಅವಳ ಕಣ್ಣಿಗೆ ಟವೆಲ್ ಕಟ್ಟಿ, ಬಾಯಿಗೆ ಒಂದು ಚೂರು ಬೇರು ಇಟ್ಟ. "ಹೇಳು, ಏನಿದು?" ಅಂದ. "ಕಹಿ ಮಾವ," ಅಂದಳು. "ಕಹಿ ಅಂತ ನಾಯಿಗೂ ಗೊತ್ತಾಗುತ್ತೆ. ಯಾವ ಕಹಿ?" ಹೀಗೆ ಮೂರು ವರ್ಷ ದಿನಾ ಬೆಳಗ್ಗೆ ಗಂಜಿಗೆ ಮುಂಚೆ ನಡೆಯಿತು. ವ್ಯಾಪಾರಿಗಳು ಬೇರಿಗೆ ಬಣ್ಣ ಹಚ್ಚುತ್ತಾರೆ, ಹೊಗೆ ಹಾಕುತ್ತಾರೆ, ಕಣ್ಣಿಗೆ ಸಲೀಸಾಗಿ ಟೋಪಿ ಹಾಕುತ್ತಾರೆ ಅನ್ನುವುದು ಮುದುಕನ ಭಯ. ಕೊನೆಗೆ ಅವಳ ನಾಲಿಗೆ ಎಷ್ಟು ಚುರುಕಾಯಿತೆಂದರೆ, ಒಂದು ಚಿಟಿಕೆ ಪುಡಿ ಇಟ್ಟುಕೊಂಡು ಹನ್ನೊಂದು ಮೂಲಿಕೆಯ ಹೆಸರು ಹೇಳುತ್ತಿದ್ದಳು. ಅವಳ ಗಂಡ ಹೋಕ್-ಸಿನ್‌ಗೆ ಆ ವಿದ್ಯೆ ಹತ್ತಲಿಲ್ಲ. ಮೆದು ಮನುಷ್ಯ, ತೂಕ ಹಾಕಿ ಪೊಟ್ಟಣ ಕಟ್ಟುವುದರಲ್ಲಿ ಮಾತ್ರ ಗಟ್ಟಿಗ.

ಸೊಂಟದವರಿಗೆ ಆ ಮನೆಯ ಮದ್ದು ಅಂದರೆ ಅಕ್ಕಿಯ ಹೆಂಡದಲ್ಲಿ ನೆನೆಸಿದ ಮೂಲಿಕೆ. ಹೋತಗಳು ಮೇಯ್ದು ಹುಚ್ಚೇಳುತ್ತವೆ ಅನ್ನುವ ಒಂದು ಸೊಪ್ಪು, ಮುರಿದರೆ ರಬ್ಬರಿನ ಎಳೆ ಬರುವ ಒಂದು ತೊಗಟೆ, ಜಿನ್‌ಸೆಂಗ್ ಬೇರು, ದಾಲ್ಚಿನ್ನಿ, ಜಿಂಕೆ ಕೊಂಬಿನ ಎರಡು ಬಿಲ್ಲೆ. ನೂರು ದಿನ ನೆನೆಯಬೇಕು, ಆಮೇಲೆ ರಾತ್ರಿ ಊಟಕ್ಕೆ ಒಂದು ಪುಟ್ಟ ಲೋಟ. "ಇದರಿಂದ ಎಲ್ಲಾ ಸರಿಹೋಗುತ್ತಾ?" ಅಂತ ಕೇಳಿದವರಿಗೆ ಲಿಯನಕ್ಕ ಸುಳ್ಳು ಹೇಳುತ್ತಿರಲಿಲ್ಲ. "ಕೆಲವರು ಆಯ್ತು ಅಂತಾರೆ, ಕೆಲವರು ಆಮೇಲೆ ಬರೋದೇ ಇಲ್ಲ. ಸಿಗರೇಟು ಬಿಡಿ, ಅಡಿಕೆ ಜಗಿಯೋದು ಬಿಡಿ, ರಕ್ತದಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡಿಸ್ಕೊಳಿ," ಅನ್ನುತ್ತಿದ್ದಳು. ಮೀನು ಮಾರುವ ಒಬ್ಬ ಹುಡುಗನಿಗೆ ಹೀಗೇ ಬೈದು ಕಳಿಸಿದ ಮೇಲೆ, ಅವನಿಗೆ ಸಕ್ಕರೆ ಕಾಯಿಲೆ ಇರುವುದು ಬೆಳಕಿಗೆ ಬಂತು.

ಹೋಕ್-ಸಿನ್ ಹೃದಯದ ಕಾಯಿಲೆಯಲ್ಲಿ ತೀರಿಕೊಂಡು ಆರು ವರ್ಷ. ಅವನಿಗೆ ಮೊದಲ ಸಲ ಎದೆನೋವು ಬಂದಾಗ ಆಸ್ಪತ್ರೆಯಲ್ಲಿ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಬಿಳಿ ಮಾತ್ರೆ ಕೊಟ್ಟರು. ಕೊಡುವ ಮುಂಚೆ ಡಾಕ್ಟರು, "ಗಂಡಸ್ತನದ ನೀಲಿ ಮಾತ್ರೆ ಏನಾದ್ರೂ ತಗೋತೀರಾ?" ಅಂತ ಕೇಳಿದರು. ಹೋಕ್-ಸಿನ್ ತಲೆ ತಗ್ಗಿಸಿದ. ಲಿಯನ್ ಫಟ್ಟನೆ, "ಇವರದ್ದೇ ಮೂಲಿಕೆ ಅಂಗಡಿ ಇದೆ ಡಾಕ್ಟ್ರೇ, ಇವರಿಗ್ಯಾಕೆ ಅದೆಲ್ಲಾ!" ಅಂದಳು. ಅಕ್ಕಪಕ್ಕದ ಹಾಸಿಗೆಯವರು ನಕ್ಕರು. ಡಾಕ್ಟರು ನಗಲಿಲ್ಲ. "ಎರಡೂ ಸೇರಿದ್ರೆ ರಕ್ತದೊತ್ತಡ ಕುಸಿದು ಹೋಗುತ್ತೆ, ಬಿದ್ದ ಮನುಷ್ಯ ಏಳದೇ ಇರಬಹುದು. ನೆನಪಿರಲಿ," ಅಂದರು. ಅಲ್ಲಿಂದ ಮುಂದೆ ಎರಡು ವರ್ಷ ಹೋಕ್-ಸಿನ್ ಅಂಗಡಿಯ ಹಿಂದಿನ ಮಂಚದಲ್ಲೇ ಮಲಗಿದ. ನಿನ್ನ ನಿದ್ದೆ ಕೆಡಿಸಬಾರದು ಅನ್ನುತ್ತಿದ್ದ.

ಹೋದ ವರ್ಷ ಚಳಿಗಾಲದಲ್ಲಿ ಆ-ಕೀ ಅನ್ನುವ ಏಜೆಂಟನೊಬ್ಬ ಅಂಗಡಿಗೆ ಬಂದ. ಬಂಗಾರದ ಬಣ್ಣದ ಪುಟ್ಟ ಡಬ್ಬಿ, ಒಳಗೆ ಹತ್ತು ಕರಿ ಗುಳಿಗೆ.

"ನೂರು ದಿನ ಕಾಯೋ ಕಾಲ ಹೋಯ್ತು ಲಿಯನಕ್ಕ. ಇದು ಅರ್ಧ ಗಂಟೆ. ಅಪ್ಪಟ ಬೇರು."

"ಯಾವ ಬೇರಪ್ಪಾ?"

"ಅದು ನಮ್ಮ ಮನೆತನದ ಗುಟ್ಟು. ನೀವು ನಿಮ್ಮ ಹೆಂಡದ ಗುಟ್ಟು ಹೇಳ್ತೀರಾ?"

ಅವಳು ಒಂದು ಗುಳಿಗೆಯನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಇಟ್ಟಳು. ಜ್ಯೇಷ್ಠಮಧು. ದಾಲ್ಚಿನ್ನಿ. ಅದರ ಹಿಂದೆಯೇ ನಾಲಿಗೆಯ ಬುಡದಲ್ಲಿ ಚಪ್ಪಟೆಯಾದ ಒಂದು ಕಹಿ. ಅದು ಯಾವ ಬೇರಿನದೂ ಅಲ್ಲ, ಯಾವ ಎಲೆಯದೂ ಅಲ್ಲ. ಇಂಗ್ಲಿಷ್ ಮಾತ್ರೆಯ ಕಹಿ. ಲಿಯನಕ್ಕನಿಗೆ ಅದು ಆ ಕ್ಷಣವೇ ಗೊತ್ತಾಯಿತು, ಇದನ್ನು ನಾನು ಅವಳ ಬಾಯಿಂದಲೇ ಕೇಳಿದ್ದೇನೆ. ಗೊತ್ತಾಗಿಯೂ ಆ ಪುಣ್ಯಾತ್ಗಿತ್ತಿ ಡಬ್ಬಿಗಳನ್ನು ಇಳಿಸಿಕೊಂಡಳು. ಅಂಗಡಿ ಖಾಲಿ ಹೊಡೆಯುತ್ತಿತ್ತು, ಮಳೆ ಬಂದರೆ ಡ್ರಾಯರಿನ ಮೇಲೆ ಸೋರುತ್ತಿತ್ತು, ಎಲ್ಲಾ ನಿಜ. ಆದರೂ ಮಾವ ಮೂರು ವರ್ಷ ತಿದ್ದಿದ ನಾಲಿಗೆಯನ್ನು ಅವಳೇ ಕಟ್ಟಿಹಾಕಿದಳು. ತಪ್ಪು ತಪ್ಪೇ.

ಗುಳಿಗೆ ಕೆಲಸ ಮಾಡಿತು. ಮಾಡದೆ ಏನು! ಗಂಡಸರು ಎದೆ ಎತ್ತಿಕೊಂಡು ಬಂದು ಎರಡನೆಯ ಡಬ್ಬಿ ಒಯ್ದರು. "ಸೊಂಟ ಹೇಗಿದೆ?" ಅಂದರೆ, "ಇಪ್ಪತ್ತು ವರ್ಷದ ಸೊಂಟ!" ಅನ್ನುವರು. ಇಂಥ ಔಷಧಿಯನ್ನು ಡಾಕ್ಟರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಂಡರೆ ಎಷ್ಟೋ ಜನಕ್ಕೆ ತೊಂದರೆಯಿಲ್ಲ. ಬೇರು ಅಂತ ನಂಬಿಕೊಂಡು ನುಂಗಿದವನಿಗೆ ತಾನು ಏನು ನುಂಗುತ್ತಿದ್ದೇನೆ ಅನ್ನುವುದೇ ಗೊತ್ತಿರುವುದಿಲ್ಲ, ಅಪಾಯ ಅಲ್ಲಿರುವುದು.

ಬೇಸಿಗೆಗೆ ಬಂತು ಸೋ ಚಿನ್-ಹಾಯ್ ಮದುವೆ. ಸಕ್ಕರೆ ಕಾರ್ಖಾನೆಯ ಕಬ್ಬಿನ ರೈಲು ಓಡಿಸಿ ನಿವೃತ್ತನಾದವನು, ಅರವತ್ತೇಳು ವರ್ಷ, ಹೆಂಡತಿ ಹೋಗಿ ಹದಿನೈದು ವರ್ಷ. ಮದುಮಗಳು ಅಕ್ಕಿ ಶಾವಿಗೆ ಮಾರುವ ವಿಧವೆ ಗ್ಯೋಕ್-ಲಾನ್. ಅವಳು ಅವನಿಗೆ ದಿನಾ ಒಂದು ತುಂಡು ಮಾಂಸ ಜಾಸ್ತಿ ಹಾಕುತ್ತಿದ್ದುದು ಪೇಟೆಗೆಲ್ಲ ಗೊತ್ತಿತ್ತು. ಮದುವೆಗೆ ಎರಡು ದಿನ ಮುಂಚೆ ಸೋ ಅಂಗಡಿಗೆ ಬಂದು ಎಲಚಿ ಹಣ್ಣಿನ ಬೆಲೆ ಕೇಳಿದ. ಲಿಯನಕ್ಕ ಕೊನೆಯ ಹೆಂಗಸು ಹೊರಟ ಮೇಲೆ ಬಂಗಾರದ ಡಬ್ಬಿ ಮುಂದಿಟ್ಟಳು.

"ಇದು ಬೇರು ತಾನೇ ಅಂಗಡಿಯಮ್ಮಾ?"

"ಬೇರೇ ಸೋ ಅಣ್ಣ," ಅಂದಳು.

ಭಾನುವಾರ ಮಧ್ಯಾಹ್ನ ಬೀದಿಗೆ ಅಡ್ಡಲಾಗಿ ಶಾಮಿಯಾನ ಬಿತ್ತು, ಕೆಂಪು ಬಟ್ಟೆ ಹಾಸಿದ ಹನ್ನೆರಡು ದುಂಡು ಮೇಜು. ಹಂದಿ ತೊಡೆ ಬಂತು, ಅಂಟು ಅನ್ನದ ಮೇಲೆ ಏಡಿ ಬಂತು, ಮೂಲೆಯ ವೇದಿಕೆಯಲ್ಲಿ ಮದುಮಗನ ಅಣ್ಣನ ಮಗ ಮೈಕು ಹಿಡಿದು ಹಾಡಿ ಎಲ್ಲರ ಕಿವಿ ತೂತು ಮಾಡಿದ. ಮದುಮಕ್ಕಳು ಮೇಜಿಂದ ಮೇಜಿಗೆ ಲೋಟ ಎತ್ತಿಕೊಂಡು ಬರುತ್ತಿದ್ದರು. ಲಿಯನಕ್ಕನ ಮೇಜಿನ ಹತ್ತಿರ ಸೋ ತಟಕ್ಕನೆ ನಿಂತ. ಹಣೆ ಬೆವೆತಿತ್ತು. ಅಂಗಿ ಜೇಬಿನಿಂದ ಕಂದು ಶೀಶೆ ತೆಗೆದು, ಪುಟ್ಟ ಬಿಳಿ ಮಾತ್ರೆಯೊಂದನ್ನು ನಾಲಿಗೆ ಕೆಳಗೆ ಇಟ್ಟುಕೊಂಡ.

ಆ ಶೀಶೆಯನ್ನು ಅವಳು ಎರಡು ವರ್ಷ ಗಂಡನ ದಿಂಬಿನ ಪಕ್ಕ ಇಟ್ಟವಳು. ಡಾಕ್ಟರ ಮಾತು ನೆನಪಾಯಿತು. ಎದ್ದವಳೇ ಅವನ ತೋಳು ಹಿಡಿದು ಅಡುಗೆಯವರ ಒಲೆಗಳ ಹಿಂದೆ ಎಳೆದುಕೊಂಡು ಹೋದಳು.

"ಸೋ ಅಣ್ಣ, ನಾನು ಕೊಟ್ಟ ಗುಳಿಗೆ ನುಂಗಿದ್ರಾ?"

"ಅಯ್ಯೋ, ಮೆಲ್ಲಗೆ! ಇಲ್ಲ, ಅದು ಸಂಜೆಗೆ..."

"ಕೊಡಿ ಇಲ್ಲಿ. ನುಂಗಿದ್ರೆ ಸತ್ತೇ ಹೋಗ್ತೀರಿ."

"ಬೇರು ತಿಂದು ಯಾರಾದ್ರೂ ಸಾಯ್ತಾರಾ? ನೀವೇ ಹೇಳಿದ್ರಲ್ಲ ಬೇರು ಅಂತ."

"ಸುಳ್ಳು ಹೇಳಿದೆ," ಅಂದಳು ಲಿಯನಕ್ಕ. "ಅದ್ರಲ್ಲಿ ನೀಲಿ ಮಾತ್ರೆಯ ಇಂಗ್ಲಿಷ್ ಔಷಧಿ ಬೆರೆಸಿದ್ದಾರೆ. ನಂಗೆ ಮೊದಲ ದಿನವೇ ಗೊತ್ತಿತ್ತು. ಈಗ ನೀವಿಟ್ಕೊಂಡ ಮಾತ್ರೆ ಜೊತೆ ಅದು ಸೇರಬಾರದು."

ಸೋ ಅವಳ ಮುಖ ನೋಡಿದ. ಕೋಟಿನ ಒಳಜೇಬಿನಿಂದ ಡಬ್ಬಿ ತೆಗೆದು ಅವಳ ಕೈಗೆ ಹಾಕಲು ಹೋದವನು ಕೈ ತಡೆದ. "ನಾನೊಬ್ಬನೇ ಅಲ್ಲ ಅಂಗಡಿಯಮ್ಮಾ. ಇಲ್ಲಿರೋ ಅರ್ಧ ಮುದುಕರ ಜೇಬಲ್ಲಿದೆ. ಎದೆಗೆ ಮಾತ್ರೆ ತಗೊಳ್ಳೋರೂ ಇದ್ದಾರೆ. ಯಾರು ಅಂತ ನಾನು ಹೇಳೋ ಹಾಗಿಲ್ಲ, ಮಾತು ಕೊಟ್ಟಿದ್ದೀನಿ."

ಯಾರು ಅಂತ ಅವಳಿಗೂ ಲೆಕ್ಕವಿಲ್ಲ. ಬರೆದುಕೊಳ್ಳಬಾರದು ಅನ್ನುವುದೇ ಅಂಗಡಿಯ ಕಟ್ಟಳೆಯಲ್ಲವೇ! ಒಬ್ಬೊಬ್ಬರನ್ನೇ ಹುಡುಕಿ ಹೇಳುವಷ್ಟರಲ್ಲಿ ಒಬ್ಬ ಹೋದರೆ? ಹೇಳಿದರೆ ಮಾವನ ಅಂಗಡಿಯ ಮಾನ ಬೀದಿಯಲ್ಲಿ ಹರಾಜು, ಹೇಳದಿದ್ದರೆ ಯಾರದೋ ಹೆಣ. ಅವಳು ಸೀದಾ ವೇದಿಕೆಯ ಕಡೆ ನಡೆದಳು. ಹೋಗಿ ಹಾಡುವವನ ಕೈಯಿಂದ ಮೈಕು ಕಿತ್ತುಕೊಂಡಳು.

"ನಾನು ಖೂ ಮನೆ ಲಿಯನ್. ನನ್ನ ಅಂಗಡಿಯಿಂದ ಬಂಗಾರದ ಡಬ್ಬಿಯ ಕರಿ ಗುಳಿಗೆ ತಗೊಂಡೋರು ಇನ್ನು ಒಂದನ್ನೂ ನುಂಗಬೇಡಿ. ಅದು ಬೇರಲ್ಲ, ಇಂಗ್ಲಿಷ್ ಮಾತ್ರೆ ಕಲಬೆರಕೆ. ಎದೆನೋವಿಗೆ ಮಾತ್ರೆ ತಗೊಳ್ಳೋರಿಗೆ ಅದು ವಿಷ. ಇವತ್ತೋ ನಿನ್ನೆಯೋ ನುಂಗಿದ್ರೆ ನಾಲಿಗೆ ಕೆಳಗಿನ ಮಾತ್ರೆ ಮುಟ್ಟಬೇಡಿ. ಎದೆ ನೋವು ಬಂದ್ರೆ ಸೀದಾ ಆಸ್ಪತ್ರೆಗೆ ಹೋಗಿ ಏನು ನುಂಗಿದ್ರಿ ಅಂತ ಹೇಳಿ. ನನ್ನ ನಾಲಿಗೆಗೆ ಗೊತ್ತಾಗಿತ್ತು. ಗೊತ್ತಿದ್ದೂ ಮಾರಿದೆ."

ಹೆಂಗಸರು ಗಂಡಂದಿರ ಕಡೆ ತಿರುಗಿದರು. ಗಂಡಂದಿರೆಲ್ಲ ಏಡಿಯ ಕಡೆ ನೋಡುತ್ತಿದ್ದರು. ಹಿಂದಿನ ಮೇಜಿನಿಂದ ಯಾರೋ, "ನಮ್ಮ ಪೇಟೇಲಿ ಅಂಥದ್ದು ತಗೊಳ್ಳೋರು ಯಾರಿದ್ದಾರೆ!" ಅಂತ ಗೊಣಗಿದರು. ಒಬ್ಬನೂ ಜೇಬಿಗೆ ಕೈ ಹಾಕಲಿಲ್ಲ.

ಊಟ ಮುಗಿಯುವ ಹೊತ್ತು. ಮಿಕ್ಕಿದ್ದನ್ನು ಕಟ್ಟಿಕೊಂಡು ಹೋಗಲು ಮೇಜಿಗಿಷ್ಟು ಕೆಂಪು ಪ್ಲಾಸ್ಟಿಕ್ ಚೀಲ ಇಟ್ಟಿದ್ದರು. ಕೈಬೀಸಿಕೊಂಡು ಹೋದರೆ ಮದುವೆ ಮನೆಯವರಿಗೆ ಅವಮಾನ, ಅದಕ್ಕೆ ಪ್ರತಿಯೊಬ್ಬನ ಕೈಯಲ್ಲೂ ಒಂದು ಚೀಲ ಇದ್ದೇ ಇರುತ್ತದೆ. ಲಿಯನಕ್ಕ ಖಾಲಿ ಚೀಲವೊಂದನ್ನು ಶಾಮಿಯಾನದ ಬಾಗಿಲ ಹತ್ತಿರದ ಕುರ್ಚಿಗೆ ತಗುಲಿಸಿದಳು. "ಹೋಗ್ತಾ ಡಬ್ಬಿ ಇದರೊಳಗೆ ಹಾಕಿ. ನಾನು ಆ ಕಡೆ ತಿರುಗಿರ್ತೀನಿ," ಅಂದಳು.

ಆಗ ಸೋ ಎದ್ದು ಬಂದ. ಎಲ್ಲರಿಗೂ ಕಾಣುವ ಹಾಗೆ ಬಂಗಾರದ ಡಬ್ಬಿ ಎತ್ತಿ ಹಿಡಿದು ಚೀಲಕ್ಕೆ ಹಾಕಿದ.

ಗ್ಯೋಕ್-ಲಾನ್ ಮದುವೆಯ ಕೆಂಪು ಬಟ್ಟೆಯಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅದಕ್ಕಾ ನಾನು ನಿನ್ನ ಕಟ್ಕೊಂಡಿದ್ದು, ಮಂಕೇ? ಹನ್ನೊಂದು ವರ್ಷ ಒಬ್ಬಳೇ ಕೂತು ಉಂಡಿದ್ದೀನಿ. ಎದುರಿಗೆ ಒಬ್ರು ಕೂತು ಉಣ್ಣಲಿ ಅಂತ ಕಟ್ಕೊಂಡೆ. ನೀನು ಇವತ್ತೇ ಸತ್ತಿದ್ರೆ ಮತ್ತೆ ಒಬ್ಬಳೇ ಆಗ್ತಿದ್ದೆ!" ಅಂದವಳು ಅಳುತ್ತಲೇ ಅವನ ಬೆನ್ನಿಗೆ ಒಂದು ಗುದ್ದಿದಳು.

ಲಿಯನಕ್ಕ ಬೀದಿಯ ಕಡೆ ಮುಖಮಾಡಿ ನಿಂತಳು. ಹಿಂದೆ ಚೀಲಗಳ ಸರಬರ ಸದ್ದು. ತಿರುಗಿದಾಗ ಹನ್ನೊಂದು ಡಬ್ಬಿ ಇದ್ದವು, ಎರಡಕ್ಕೆ ಏಡಿಯ ಸಾರು ಮೆತ್ತಿತ್ತು. ಉಳಿದವು ಆ ವಾರವೆಲ್ಲ ಒಂದೊಂದಾಗಿ ಅಂಗಡಿಯ ಬಾಗಿಲ ಹಿಡಿಕೆಗೆ ಚೀಲದಲ್ಲಿ ನೇತುಬೀಳುತ್ತಿದ್ದವು, ಒಂದರ ಜೊತೆ ಎರಡು ಮಾವಿನ ಹಣ್ಣೂ ಇತ್ತು. ಮದುವೆಯ ಮರುದಿನ ಸೋಮವಾರವೇ ಅವಳು ಆ ಹನ್ನೊಂದು ಡಬ್ಬಿಗಳನ್ನು ಆರೋಗ್ಯ ಕಚೇರಿಗೆ ಒಯ್ದು ಆ-ಕೀ ಹೆಸರು ಬರೆಸಿದಳು, ತನ್ನ ಹೆಸರನ್ನೂ ಬರೆಸಿದಳು. ಅಂಗಡಿಗೆ ಆ ದಿನ ಒಬ್ಬ ಗಂಡಸೂ ಬರಲಿಲ್ಲ.

ಮಂಗಳವಾರ ಸೋ ಬಂದ. ಇಬ್ಬರು ಹೆಂಗಸರು ಶುಂಠಿ ಆರಿಸುತ್ತಿದ್ದರು. ಅವನು ಎಲಚಿ ಹಣ್ಣಿನ ಬೆಲೆ ಕೇಳಲಿಲ್ಲ.

"ಅಂಗಡಿಯಮ್ಮಾ, ಸೊಂಟ ಚೆನ್ನಾಗೇ ಇದೆ. ಹೆಂಡತಿ ಪಕ್ಕ ಮಲಗಿದ್ರೆ ಮೈ ಏಳಲ್ಲ. ಮದುವೆಗೆ ಮುಂಚಿಂದ್ಲೂ ಹೀಗೇ, ನಾಲ್ಕು ವರ್ಷ ಆಯ್ತು. ಏನು ಮಾಡ್ಲಿ?"

ಒಬ್ಬ ಹೆಂಗಸಿನ ಕೈಯಿಂದ ಶುಂಠಿ ಕೆಳಗೆ ಬಿತ್ತು. ಲಿಯನಕ್ಕ ಸ್ಟೂಲು ಎಳೆದು ಹಾಕಿದಳು.

"ಕೂತ್ಕೊಳಿ ಸೋ ಅಣ್ಣ. ಎದೆ ಡಾಕ್ಟರಿಗೆ ಇದನ್ನ ಹೇಳಿದ್ದೀರಾ?"

"ಅವ್ರಿಗೆ ಹೇಗೆ ಹೇಳೋದು?"

"ಈಗ ಹೇಳಿದ ಹಾಗೇ. ಮೊದಲು ಅವರು ಎದೆ ನೋಡಿ ಹೇಳಲಿ, ಆಮೇಲೆ ನನ್ನ ಹೆಂಡದ ಮಾತು."

"ನಂಗೆ ನಾಚಿಕೆ ಆಗುತ್ತೆ. ನೀವೇ ಜೊತೆಗೆ ಬಂದು ಹೇಳ್ಬಿಡಿ ಅಂಗಡಿಯಮ್ಮಾ, ನಿಮ್ಗೆ ಹೇಗೂ ಮೈಕು ಹಿಡಿದು ಅಭ್ಯಾಸ ಆಗಿದೆ." ಅವನು ನಕ್ಕ. ಹೆಂಗಸರೂ ನಕ್ಕರು.

ಲಿಯನಕ್ಕ ನಗಲಿಲ್ಲ. ಒಳಗಿನ ಖಾಲಿ ಮಂಚದ ಕಡೆ ಒಮ್ಮೆ ನೋಡಿದಳು.

"ಬರ್ತೀನಿ, ಹೊರಗೆ ಕೂತಿರ್ತೀನಿ. ಮಾತು ಮಾತ್ರ ನೀವೇ ಆಡ್ಬೇಕು. ಹಿಂದೆ ಒಂದ್ಸಲ ಡಾಕ್ಟರು ಇದನ್ನೇ ಕೇಳಿದಾಗ ನನ್ನ ಗಂಡನ ಬದಲು ನಾನೇ ಉತ್ತರ ಕೊಟ್ಟೆ. ಅವರಿಗೆ ಹೇಳೋದೇನಿತ್ತೋ ಇವತ್ತಿಗೂ ನಂಗೆ ಗೊತ್ತಿಲ್ಲ."