ಇಪ್ಪತ್ತರ ಇನ್ಸರ್ಟ್, ಇಪ್ಪತ್ತೊಂದರ ಬಾಣ

೧೯೮೩ರಲ್ಲಿ ನಾನು ಅಡಿಲೇಡ್‌ನ ಉತ್ತರ ಭಾಗದ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ರಿಜಿಸ್ಟ್ರಾರ್ ಆಗಿದ್ದೆ. ರಿಜಿಸ್ಟ್ರಾರ್ ಎಂದರೆ ಕನ್ಸಲ್ಟೆಂಟ್ ಸರ್ಜನ್ನರ ಕೈಕೆಳಗೆ ತರಬೇತಿ ಪಡೆಯುತ್ತಲೇ ಆಪರೇಷನ್ ಮಾಡುವ ವೈದ್ಯೆ. ಮೈಸೂರಿನಲ್ಲಿ ಓದು, ಪರ್ತ್‌ನಲ್ಲಿ ಎರಡು ವರ್ಷದ ಕೆಲಸ, ಆಮೇಲೆ ಇಲ್ಲಿಗೆ. ನನ್ನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತಪ್ಪು ಮಾಡುವವರು ಯಾವಾಗಲೂ ಬೇರೆಯವರು ಎಂದು ಆಗ ನಾನು ಗಟ್ಟಿಯಾಗಿ ನಂಬಿದ್ದೆ.

ಮಾರ್ಚ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಬ್ಯಾರಿ ಎಂಬ ಮೂವತ್ತನಾಲ್ಕರ ಗಂಡಸನ್ನು ಸ್ಟ್ರೆಚರ್ ಮೇಲೆ ತಂದರು. ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುವ ಫಿಟ್ಟರ್. ರಜೆಯಲ್ಲಿ ಸ್ನೇಹಿತನ ಜೊತೆ ಕಾಡುಮೇಕೆಗಳನ್ನು ಬಿಲ್ಲು ಬಾಣದಲ್ಲಿ ಹೊಡೆಯಲು ಹೋಗಿದ್ದ. ಬಿಲ್ಲು ಎಳೆದು ನಿಂತಿದ್ದ ಸ್ನೇಹಿತ ಬಂಡೆಯ ಮೇಲೆ ಜಾರಿದ, ಬಾಣ ಬ್ಯಾರಿಯ ಎಡ ತೊಡೆಗೆ ನಾಟಿತು. ಗಾಬರಿಯಲ್ಲಿ ಆ ಪುಣ್ಯಾತ್ಮ ಬಾಣವನ್ನು ಗರಗರ ತಿರುವಿ ಎಳೆದುಬಿಟ್ಟಿದ್ದ. ಅಲ್ಯೂಮಿನಿಯಂ ಕೊಳವೆ ಕೈಗೆ ಬಂತು, ಉಕ್ಕಿನ ಮೊನೆ ಒಳಗೇ ಉಳಿಯಿತು.

ಎಕ್ಸ್‌ರೇಯಲ್ಲಿ ಒಂದು ಲೋಹ ಕಂಡಿತು, ನಾನು ಒಂದು ಲೋಹ ತೆಗೆದೆ. ಮೂರು ಅಲಗಿನ ಮೊನೆ, ಹಿಂದೆ ತಿರುಪಿನ ಹಲ್ಲುಗಳಿದ್ದ ಚಿಕ್ಕ ಕಡ್ಡಿ. ತೊಳೆದು ಬಾಟಲಿಯಲ್ಲಿ ಹಾಕಿ, ನೆನಪಿಗೆ ಇಟ್ಕೊಳ್ಳಿ ಎಂದು ಅವನ ಕೈಗೇ ಕೊಟ್ಟೆ. ಕನ್ಸಲ್ಟೆಂಟ್ ಶಹಭಾಸ್ ಎಂದರು. ನಾನೂ ಬೀಗಿದೆ.

ಗಾಯ ಮಾತ್ರ ಕೂಡಲಿಲ್ಲ. ಮೇಲೆ ಮುಚ್ಚಿದಂತೆ ಕಾಣುವುದು, ನಾಲ್ಕು ದಿನಕ್ಕೆ ಮತ್ತೆ ಕೀವು. ಎರಡು ಬಗೆಯ ಆ್ಯಂಟಿಬಯಾಟಿಕ್ ಆಯಿತು. ಆರನೇ ವಾರ ನಾನು ಅವನ ಫೈಲಿನಲ್ಲಿ ಬರೆದೆ: "ರೋಗಿ ಸೂಚನೆಗಳನ್ನು ಪಾಲಿಸುತ್ತಿಲ್ಲ."

ಏಳನೇ ವಾರ ಕ್ಲಿನಿಕ್ಕಿಗೆ ಬಂದಾಗ ಮುಖದ ಮೇಲೇ ಕೇಳಿದೆ, "ಬ್ಯಾರಿ, ನಿಜ ಹೇಳಿ. ಡ್ರೆಸಿಂಗ್ ದಿನಾ ಬದಲಾಯಿಸ್ತಿದ್ದೀರಾ?"

"ದಿನಕ್ಕೆ ಎರಡು ಸಲ, ಡಾಕ್. ತಿಂಗಳ ಕೊನೆಗೆ ಲೇತ್ ಮುಂದೆ ನಿಲ್ಲದಿದ್ರೆ ಕೆಲಸದಿಂದ ತೆಗೀತೀವಿ ಅಂದಿದ್ದಾರೆ. ನಾನ್ಯಾಕೆ ಆಟ ಆಡ್ಲಿ?" ಅಷ್ಟು ದೊಡ್ಡ ಆಳು, ಕಣ್ಣು ಒರೆಸಿಕೊಂಡ. ನನಗೆ ಮುಖ ಎತ್ತಲಾಗಲಿಲ್ಲ. ತಿಂಗಳ ಕೊನೆಗೆ ಇನ್ನು ಇಪ್ಪತ್ತೆರಡು ದಿನ ಇತ್ತು.

ಒಳಗೆ ಇನ್ನೇನಾದರೂ ಉಳಿದಿದೆಯೇ ಎಂದು ಆಗ ಹೊಳೆದು ಕೇಳಿದೆ: "ಆ ಬಾಣ ಇನ್ನೂ ಇದೆಯಾ? ನಾಳೆ ತನ್ನಿ. ಅಂಥದ್ದೇ ಇನ್ನೊಂದಿದ್ದರೆ ಅದನ್ನೂ."

ತಂದ. ಮೊನೆಯ ಬಾಟಲಿ, ಎಳೆದು ತೆಗೆದಿದ್ದ ಕೊಳವೆ, ಜೊತೆಗೊಂದು ಇಡಿಯ ಬಾಣ. ಇಡೀ ಬಾಣದ ಮೊನೆಯನ್ನು ತಿರುಗಿಸಿ ಬಿಚ್ಚಿದೆ. ಕೊಳವೆಯ ಬಾಯಲ್ಲಿ ಹಲ್ಲು ಕೊರೆದ ಪುಟ್ಟ ಅಲ್ಯೂಮಿನಿಯಂ ನಳಿಗೆ ಕೂತಿತ್ತು, ಮೊನೆ ತಿರುಪಿಕೊಳ್ಳುವುದು ಅದರೊಳಕ್ಕೆ. ಅದಕ್ಕೆ ಇನ್ಸರ್ಟ್ ಎನ್ನುತ್ತಾರೆ. ಗಾಯ ಮಾಡಿದ ಬಾಣದ ಬಾಯಿ ಮಾತ್ರ ಬರಿದೋ ಬರಿದು.

ನಮ್ಮಪ್ಪನದು ಮೈಸೂರಿನಲ್ಲಿ ಸೈಕಲ್ ಶಾಪು. ಬಿಚ್ಚಿದ್ದನ್ನೆಲ್ಲ ಗೋಣಿಚೀಲದ ಮೇಲೆ ಸಾಲಾಗಿ ಇಡುತ್ತಿದ್ದರು, ಬೋಲ್ಟಿನ ಪಕ್ಕ ಅದರ ನಟ್ಟು. ಅವರ ಮಗಳು ಆಪರೇಷನ್ ಟೇಬಲ್ಲಿನ ಮೇಲೆ ಹಲ್ಲಿರುವ ಕಡ್ಡಿ ನೋಡಿ, ಇದು ಯಾವುದರೊಳಗೆ ಕೂತಿತ್ತು ಎಂದು ಕೇಳಿರಲಿಲ್ಲ. ಅಯ್ಯೋ ನನ್ನ ಬುದ್ಧಿಗಿಷ್ಟು!

"ಬ್ಯಾರಿ, ಇದರ ಇನ್ಸರ್ಟ್ ಎಲ್ಲಿ?"

ಅವನ ಮುಖ ಕೆಂಪಾಯಿತು. ಬಾಣದ ಮೇಲಿನ ಅಂಕಿಯನ್ನು ತೋರಿಸಿದ. ೨೧೧೭ ಎಂದರೆ ಹೊರಗಿನ ವ್ಯಾಸ ಇಂಚಿನ ಅರವತ್ತನಾಲ್ಕನೇ ಭಾಗಗಳಲ್ಲಿ ಇಪ್ಪತ್ತೊಂದು, ಗೋಡೆಯ ದಪ್ಪ ಇಂಚಿನ ಸಾವಿರದಲ್ಲಿ ಹದಿನೇಳು. ಅದಕ್ಕಿಂತ ತೆಳ್ಳಗಿನ ಬಾಣ ೨೦೧೮. ಹೊರಡುವ ಹಿಂದಿನ ದಿನ ದಪ್ಪ ಬಾಣದ ಇನ್ಸರ್ಟ್ ಮುಗಿದಿತ್ತು, ತೆಳ್ಳಗಿನದ್ದು ಡಬ್ಬಿಯಲ್ಲಿತ್ತು. ಅದನ್ನು ಇದಕ್ಕೆ ಹಾಕಿದರೆ ಸಾವಿರದಲ್ಲಿ ಹದಿನೇಳು-ಹದಿನೆಂಟು ಭಾಗದಷ್ಟು ಸಡಿಲ.

"ಹೆಂಡತಿಯ ಹೊಲಿಗೆ ದಾರ ಸುತ್ತಿ, ಅಂಟು ಹಾಕಿ ಕೂರಿಸ್ದೆ, ಡಾಕ್. ಸಾವಿರದ ಅಳತೇಲಿ ಕೆಲಸ ಮಾಡೋ ಫಿಟ್ಟರ್ ದಾರ ಸುತ್ತಿದಾನೆ ಅಂದ್ರೆ ಕಾರ್ಖಾನೇಲಿ ಮಾನ ಹೋಗುತ್ತೆ. ಅದು ಅಲ್ಲೇ ಗುಡ್ಡದಲ್ಲಿ ಬಿದ್ದಿರುತ್ತೆ ಅಂದ್ಕೊಂಡು ಸುಮ್ನಿದ್ದೆ."

ನನಗೆ ಲೆಕ್ಕ ಸರಿಹೋಯಿತು. ಸ್ನೇಹಿತ ತಿರುವಿದಾಗ ಮೊನೆ ಇನ್ಸರ್ಟಿನಿಂದ ಕಳಚಿದೆ, ಎಳೆದಾಗ ಇನ್ಸರ್ಟ್ ಕೊಳವೆಯಿಂದ ಜಾರಿದೆ. ಅದು ತೊಡೆಯೊಳಗೇ ಇದೆ.

ನಮ್ಮ ರೇಡಿಯಾಲಜಿಸ್ಟ್ ರಿಯಾಜ್ ಹಾಸನದವರು. ಹಳೇ ಫಿಲ್ಮ್ ಬೆಳಕಿಗೆ ಹಿಡಿದು ತಲೆಯಾಡಿಸಿದರು. "ಅಲ್ಯೂಮಿನಿಯಂ ನೆರಳು ಮೂಳೆ ನೆರಳಿನ ಥರಾನೇ ಇರುತ್ತೆ ಕಣ್ರೀ ಸುಧಾ. ಮೂಳೆ ಮೇಲೇ ಬಿದ್ದಿದ್ರೆ ಕಾಣಲ್ಲ. ಆದ್ರೆ ಕಾಣದ್ದಕ್ಕೆ ಕತ್ತಿ ಹಾಕೋಕೆ ನಿಮ್ಮ ಬಾಸ್ ಬಿಡ್ತಾರಾ? ಮೊದಲು ಮಾಂಸದಲ್ಲಿಟ್ಟು ತೋರಿಸಿ."

ಹುಟ್ಟಿನಿಂದ ಸಸ್ಯಾಹಾರಿಯಾದ ನಾನು ಆ ಸಂಜೆ ಕಸಾಯಿ ಅಂಗಡಿಗೆ ಹೋಗಿ ಇಡೀ ಕುರಿಯ ತೊಡೆ ಕೇಳಿದೆ. "ರೋಸ್ಟ್‌ಗಾ, ಬಾರ್ಬೆಕ್ಯೂಗಾ?" ಎಂದ ಅವನು. "ಎಕ್ಸ್‌ರೇಗೆ" ಎಂದೆ. ಅವನು ಬೆಲೆ ಹೇಳುವುದನ್ನೇ ಮರೆತ.

ಮನೆಯಲ್ಲಿ ನಮ್ಮವರು ಮೊಸರಿಗೆಂದು ಫ್ರಿಡ್ಜ್ ತೆಗೆದು ಕೂಗಿದರು, "ಏನೇ ಇದು, ಯಾರದೋ ಕಾಲು!"

"ರೀ, ಅದು ಪೇಷಂಟು. ಮುಟ್ಟಬೇಡಿ."

ಮರುದಿನ ಆ ಕಾಲಿನಲ್ಲಿ ಮೂಳೆಗೆ ಒತ್ತಿ ಒಂದು ಇನ್ಸರ್ಟನ್ನೂ ಒಂದು ಮೊನೆಯನ್ನೂ ತೂರಿಸಿದೆವು. ನೇರ ಫಿಲ್ಮಿನಲ್ಲಿ ಉಕ್ಕು ಬೆಳ್ಳಗೆ ಹೊಳೆಯಿತು, ಇನ್ಸರ್ಟ್ ಇರಲೇ ಇಲ್ಲ. ರಿಯಾಜ್ ಕಾಲನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಬಂದರು. ನಾಲ್ಕನೇ ಫಿಲ್ಮಿನಲ್ಲಿ ಮೂಳೆಯ ಅಂಚಿನಿಂದಾಚೆಗೆ ತೆಳುವಾದ ಎರಡು ಗೆರೆ ಕಂಡವು. ಅದೇ ಕೋನದಲ್ಲಿ ಬ್ಯಾರಿಯ ತೊಡೆಯ ಫಿಲ್ಮ್ ತೆಗೆದೆವು. ಅವೇ ಎರಡು ಗೆರೆ! ಖುಷಿಗೆ ನಾನು ರಿಯಾಜ್ ಬೆನ್ನಿಗೆ ಗುದ್ದಿಯೇಬಿಟ್ಟೆ.

ಕನ್ಸಲ್ಟೆಂಟ್ ಎರಡೂ ಫಿಲ್ಮ್ ನೋಡಿ, "ನೀವೇ ತೆಗೀರಿ" ಎಂದಷ್ಟೇ ಹೇಳಿದರು. ಆಪರೇಷನ್ನಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಇನ್ಸರ್ಟ್ ಹೊರಗೆ ಬಂತು. ಅದಕ್ಕೆ ಸುತ್ತಿದ್ದ ಕಪ್ಪು ಹೊಲಿಗೆ ದಾರವೂ ಬಂತು. ಏಳು ವಾರ ಕೀವು ಕಟ್ಟಿಸಿದ್ದು ಮುಖ್ಯವಾಗಿ ಆ ದಾರವೇ. ಹದಿನಾರನೇ ದಿನ ಗಾಯ ಕೂಡಿತು. ಬ್ಯಾರಿಯ ಕೆಲಸ ಉಳಿಯಿತು.

ಆಮೇಲೆ ಬ್ರಿಸ್ಬೇನ್‌ಗೆ ಬಂದು ನಿವೃತ್ತಿಯವರೆಗೂ ಆಪರೇಷನ್ ಮಾಡಿದೆ. ಗಾಯ ವಾಸಿಯಾಗದಿದ್ದಾಗ ರೋಗಿಯನ್ನು ದೂರುವ ಮೊದಲು ನನ್ನ ಕೈ ಏನು ಬಿಟ್ಟಿದೆ ಎಂದು ನೋಡುವುದನ್ನು ಆ ಬಾಣ ಕಲಿಸಿತು. ರೋಗಿ ನಾಚಿಕೆಯಿಂದ ನುಂಗಿಕೊಂಡದ್ದನ್ನು ಹೊರಗೆ ತರಿಸುವುದೂ ವೈದ್ಯರ ಕೆಲಸವೇ. ಬೈದು ಕೇಳಿದರೆ ಅದು ಬರುವುದಿಲ್ಲ.

ಬ್ಯಾರಿಯ ಡಿಸ್ಚಾರ್ಜ್ ದಿನ ಅವನ ಮುಂದೆ ಕೂತು ಹೇಳಿದ್ದೆ, "ತಪ್ಪು ನಂದು. ಮೊದಲ ದಿನವೇ ಕೇಳಬೇಕಿತ್ತು. ಅದು ಸಾಲದು ಅಂತ ಫೈಲಲ್ಲಿ ನಿಮ್ಮ ಮೇಲೇ ಬರೆದೆ." ಬರೆದದ್ದನ್ನು ಓದಿ ಹೇಳಿದೆ.

ಬ್ಯಾರಿ ಆ ಸಾಲಿನ ಮೇಲೆ ಬೆರಳಿಟ್ಟ. "ಅದನ್ನ ಹೊಡೆದು ಹಾಕಿ, ಡಾಕ್."

"ಹೊಡೆದು ಹಾಕೋ ಹಾಗಿಲ್ಲ. ಕೆಳಗೆ ಬರೀಬಹುದು."

ಅವನ ಎದುರಿಗೇ ಬರೆದೆ: "ರೋಗಿ ಪ್ರತಿಯೊಂದು ಸೂಚನೆಯನ್ನೂ ಪಾಲಿಸಿದ್ದರು. ಕೇಳಬೇಕಾದ್ದನ್ನು ಕೇಳದೆ ಬಿಟ್ಟದ್ದು ವೈದ್ಯೆ." ಕೆಳಗೆ ಸಹಿ ಹಾಕಿ, ಓದಿಕೊಳ್ಳಲೆಂದು ಫೈಲನ್ನು ಅವನ ಕಡೆಗೆ ತಿರುಗಿಸಿದೆ.