ಬೈದರೂ ಬರುತ್ತಿದ್ದ ಗಿರಣಿ ಅತ್ತಿ

ಗಿರಣಿ ಅತ್ತಿಯ ಕಣ್ಣ ರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ಹುಬ್ಬು, ಕಿವಿಯ ಹಿಂದಿನ ಸಂದು ಬಿಡದೆ ಜೋಳದ ಹಿಟ್ಟು ಕೂತಿರುತ್ತಿತ್ತು. ಮುಖ ತೊಳೆದರೂ ರೆಪ್ಪೆಯ ಬುಡದಲ್ಲಿ ಒಂದಿಷ್ಟು ಉಳಿಯುತ್ತಿತ್ತು. ನಕ್ಕರೆ ಕೆನ್ನೆಯ ಮೇಲೆ ಉದುರುತ್ತಿತ್ತು. ಕೊರಳಲ್ಲಿ ಕಪ್ಪು ದಾರಕ್ಕೆ ಪೋಣಿಸಿದ ಸಣ್ಣ ಶಿಲುಬೆ. ಉಮದಿಯ ನಮ್ಮ ಓಣಿಗೆಲ್ಲ ಕ್ರೈಸ್ತಳು ಆಕೆ ಒಬ್ಬಳೇ. ಗಂಡ ಸತ್ತ ಮೇಲೆ ಅವನ ಹಿಟ್ಟಿನ ಗಿರಣಿಯನ್ನು ತಾನೇ ನಡೆಸುತ್ತಿದ್ದಳು. ಅದಕ್ಕೇ ಅತ್ತೆ ಸಂಬಂಧ ಇಲ್ಲದಿದ್ದರೂ ಓಣಿಯವರಿಗೆಲ್ಲ ಆಕೆ ಗಿರಣಿ ಅತ್ತಿ. ಮಕ್ಕಳಿರಲಿಲ್ಲ. ಭಾನುವಾರ ಗಿರಣಿಗೆ ಕೀಲಿ ಹಾಕಿ, ಜತ್ತದ ಬಸ್ಸು ಹತ್ತಿ ಪ್ರಾರ್ಥನೆಗೆ ಹೋಗುವಳು. ಭಾನುವಾರವೇ ಹಿಟ್ಟು ಮುಗಿದವರು ಆಕೆಯ ಜೊತೆಗೆ ಆಕೆಯ ದೇವರನ್ನೂ ಸೇರಿಸಿ ಬೈಯುತ್ತಿದ್ದರು.

ನನ್ನ ಗಂಡ ಕಬ್ಬು ಕಡಿಯುವ ಟೋಳಿಯ ಜೊತೆ ಕೊಲ್ಹಾಪುರದ ಕಡೆ ಹೋದವನು ಹಂಗಾಮು ಮುಗಿದರೂ ಬರಲಿಲ್ಲ. ಟೋಳಿಯ ಉಳಿದವರೆಲ್ಲ ಬಂದರು. ಅವನು ಅಲ್ಲೇ ಒಬ್ಬಳ ಜೊತೆ ಮನೆ ಮಾಡಿದ್ದಾನೆಂದು ಅವರೇ ಹೇಳಿದರು. ಅದೂ ನನಗಲ್ಲ, ಗಿರಣಿಯ ಮುಂದೆ ಪಾಳಿ ಹಚ್ಚಿ ಕೂತ ಹೆಂಗಸರಿಗೆ. ನಮ್ಮಲ್ಲಿ ಗಿರಣಿ ಎಂದರೆ ಬರೀ ಹಿಟ್ಟಲ್ಲ. ಡಬ್ಬಿಗಳನ್ನು ಸಾಲಾಗಿ ಇಟ್ಟು ಕಟ್ಟೆಯ ಮೇಲೆ ಕೂತರೆ ಊರಿನ ಸುದ್ದಿಯೂ ನುಣ್ಣಗಾಗಿ ಹೊರಬೀಳುತ್ತದೆ. ನಾನು ಹೋದ ದಿನ ಮಾತು ಗಪ್ಪೆಂದು ನಿಂತಿತು. ಆಮೇಲೆ ಒಬ್ಬಳು "ಪಾಪ" ಅಂದಳು. ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಎತ್ತಿಕೊಂಡು ತಿರುಗಿ ಬಂದೆ. ಮತ್ತೆ ಆ ಕಡೆ ಕಾಲಿಡಲಿಲ್ಲ. ಮನೆಯಲ್ಲೇ ಹಳೆ ಬಟ್ಟೆಯ ಕೌದಿ ಹೊಲಿದು, ಬಂದು ಒಯ್ಯುವವರಿಗೆ ಬಾಗಿಲಲ್ಲೇ ಕೊಟ್ಟು ಕಳಿಸುತ್ತಿದ್ದೆ.

ಅವ್ವನ ಕಾಲದ ಬೀಸುವ ಕಲ್ಲು ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಎಳೆದು ಜೋಳ ಬೀಸತೊಡಗಿದೆ. ಒಬ್ಬಳ ಹೊಟ್ಟೆಗೆ ಎಷ್ಟು ಬೇಕು? ಬರಬರುತ್ತ ಅದೂ ಬೇಡವಾಯಿತು. ರೊಟ್ಟಿ ಬಡಿದರೆ ತಿನ್ನುವ ಮನಸ್ಸಿಲ್ಲ. ನೀರಿಗೆ ಹೋದರೆ ಕೊಡ ತುಂಬಿದ ಮೇಲೂ ಬಾವಿಯ ದಂಡೆಯಲ್ಲೇ ನಿಲ್ಲುತ್ತಿದ್ದೆ. ಬದುಕಬೇಕೋ ಬಿಡಬೇಕೋ ಎಂಬುದು ಆಗ ನನಗೇ ಗೊತ್ತಿರಲಿಲ್ಲ.

ಈ ಕಾಲದಲ್ಲಿ ಬೀಸುವ ಕಲ್ಲಿನ ಸದ್ದು ಯಾವ ಮನೆಯಿಂದ ಬರುತ್ತದೆ? ಒಂದು ಸಂಜೆ ಗಿರಣಿ ಬಂದ್ ಮಾಡಿ ಹೊರಟಿದ್ದ ಅತ್ತಿ ಅದನ್ನು ಕೇಳಿ ಒಳಗೆ ಬಂದಳು. ಬಂದವಳು ಏನೂ ವಿಚಾರಿಸಲಿಲ್ಲ. ನನ್ನ ಎದುರು ಕಾಲು ಚಾಚಿ ಕೂತು, ಕಲ್ಲಿನ ಗೂಟದ ಮೇಲಿದ್ದ ನನ್ನ ಕೈಗೆ ತನ್ನ ಕೈ ಸೇರಿಸಿದಳು. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುವುದು ನಮ್ಮ ಕಡೆ ಅತ್ತೆ ಸೊಸೆಯರು, ಅಕ್ಕ ತಂಗಿಯರು ಮಾಡುವ ಕೆಲಸ. ಕರೆಯದೆ ಬಂದವರು ಮಾಡುವುದಲ್ಲ. ನಾನು ಕೈ ಕಿತ್ತುಕೊಂಡು, ಗಿರಾಕಿ ಕಡಿಮೆಯಾಯಿತೆಂದು ಮನೆ ಮನೆ ತಿರುಗುತ್ತೀಯೇನು ಅಂದೆ. ಆಕೆ ಉಳಿದ ಜೋಳವನ್ನು ತಾನೇ ಬೀಸಿ, ಸೆರಗು ಕೊಡವಿ ಎದ್ದು ಹೋದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಜರ್.

ನನ್ನ ಬಾಯಿ ಸಣ್ಣದಲ್ಲ. ಅನ್ನಬಹುದಾದ್ದು ಅಂದೆ, ಅನ್ನಬಾರದ್ದೂ ಅಂದೆ. ಗಂಡನನ್ನು ತಿಂದವಳು ಅಂದ ದಿನ ಆಕೆಯ ಕೈ ಗೂಟದ ಮೇಲೆ ನಿಂತುಬಿಟ್ಟಿತು. ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡರೆ ಹಿಟ್ಟು ಹಸಿಯಾಗಿ ಇನ್ನಷ್ಟು ಮೆತ್ತಿತು. ಇನ್ನು ಈಕೆಯ ಕಾಟ ತಪ್ಪಿತು ಅಂದುಕೊಂಡೆ. ಎಲ್ಲಿಯ ಮಾತು! ಮರುದಿನವೂ ಬಂದಳು. ಅವತ್ತು ನಾನು ನೇರವಾಗಿಯೇ ಕೇಳಿದೆ.

"ನನ್ನ ನಿಮ್ಮ ಜಾತಿಗಿ ಸೇರಸ್ಬೇಕಂತ ಬರ್ತಿ ಏನ?"

"ಇಲ್ಲ ಯವ್ವಾ," ಅಂದಳು. "ನಮ್ಮ ಮನಿಯವರು ಸತ್ತಾಗ ನಾನೂ ಹಿಂಗ ಕದಾ ಹಾಕ್ಕೊಂಡು ಕುಂತಿದ್ದೆ. ದೇವರಿಗೂ ಬೈದೆ. ಯೇಸುಸ್ವಾಮಿ ಸಿಟ್ಟಾಗಿ ಹೋಗಲಿಲ್ಲ, ನನ್ನ ಕೂಡನ ಕುಂತಾ. ನಾ ನಿನ್ನ ಬಿಟ್ಟು ಹೆಂಗ ಹೋಗ್ಲಿ?"

ತನ್ನ ದೇವರ ಬಗ್ಗೆ ಆಕೆ ನನ್ನ ಮುಂದೆ ಆಡಿದ್ದು ಇಷ್ಟೇ. ಅವತ್ತು ನಾನು ಗೂಟದಿಂದ ಕೈ ತೆಗೆಯಲಿಲ್ಲ.

ಆಷಾಢ ಏಕಾದಶಿಯ ಹಿಂದಿನ ದಿನ ಅತ್ತಿ ಬರಲಿಲ್ಲ. ನನಗೆ ಸಿಟ್ಟು ಬಂತು ನೋಡಿ! ಬಂದರೆ ಸಿಟ್ಟು, ಬರದಿದ್ದರೆ ಇನ್ನೂ ಸಿಟ್ಟು. ತಡೆಯಲಾರದೆ ಗಿರಣಿಗೇ ನಡೆದೆ. ಕಟ್ಟೆಯ ತುಂಬ ಹೆಂಗಸರು. ಒಳಗೆ ಅತ್ತಿ ಚೀಲಕ್ಕೆ ಒರಗಿ, ದಮ್ಮು ಹತ್ತಿ ಕೂತಿದ್ದಳು. ವರ್ಷಗಟ್ಟಲೆ ಹಿಟ್ಟು ಉಸಿರಿನ ಜೊತೆ ಎದೆಗಿಳಿದಿತ್ತು. ನೀನೇ ಗಿರಣಿ ಹಚ್ಚು ಎಂದು ನನಗೆ ಕೈಸನ್ನೆ ಮಾಡಿದಳು. ಕಾಳು ಹೇಗೆ ಸುರಿಯುವುದು, ಕಲ್ಲು ಎಲ್ಲಿ ಬಿಗಿ ಮಾಡುವುದು ಎಂದು ಕೂತಲ್ಲಿಂದಲೇ ತೋರಿಸಿದಳು. ಒಂದು ಮಾತ್ರ ನನಗೆ ಹೊಳೆಯಲಿಲ್ಲ. ಏಕಾದಶಿ ಬಂದರೆ ಅತ್ತಿ ಕಲ್ಲು ಬಿಚ್ಚಿ ಒರೆಸಿ, ಉಪವಾಸಕ್ಕೆ ನಡೆಯುವ ಸಣ್ಣ ಕಾಳು ವರಿ ಅಕ್ಕಿಯನ್ನು ಎಲ್ಲಕ್ಕಿಂತ ಮೊದಲು ಬೀಸಿ ಕೊಡುತ್ತಿದ್ದಳು. ತನಗೆ ಆ ಉಪವಾಸ ಇಲ್ಲದಿದ್ದರೂ ಇನ್ನೊಬ್ಬರದು ಕೆಡಬಾರದು. ನಾನು ಜೋಳ ಬೀಸಿದ ಕಲ್ಲಿಗೇ ಒಬ್ಬ ಮುದುಕಿಯ ವರಿ ಅಕ್ಕಿ ಸುರಿದುಬಿಟ್ಟೆ. ಜೋಳ ಬೆರೆತ ಹಿಟ್ಟು ಯಾವ ಉಪವಾಸಕ್ಕೆ ನಡೆಯುತ್ತದೆ? ಮುದುಕಿ ಡಬ್ಬಿಯಲ್ಲಿ ಕೈಯಾಡಿಸಿ ನೋಡಿ ಎದ್ದು ನಿಂತಳು.

"ಕಣ್ಣ ಎಲ್ಲಿ ಇಟ್ಟಿದ್ದಿ? ಏಕಾದಶಿ ದಿನ ನನಗ ಜ್ವಾಳಾ ತಿನ್ನಸ್ತಿ ಏನ?"

ಉಳಿದವರೂ ಸೇರಿಕೊಂಡು ಮನಸಾರೆ ಬೈದರು. ಪಾಪ ಎಂದು ಒಬ್ಬಳೂ ಅನ್ನಲಿಲ್ಲ. ಎಷ್ಟೋ ತಿಂಗಳ ಮೇಲೆ ನಾನು ಅವರಂತೆಯೇ ಒಬ್ಬ ಹೆಂಗಸಾಗಿದ್ದೆ. ಸೆರಗು ಸೊಂಟಕ್ಕೆ ಸಿಗಿಸಿ ನಾನೂ ತಿರುಗಿ ಬೈದೆ. ಒಳಗೆ ಅತ್ತಿ ಕೆಮ್ಮುತ್ತ ಕೆಮ್ಮುತ್ತ ನಗುತ್ತಿದ್ದಳು. ಮುದುಕಿಗೆ ಬೇರೆ ವರಿ ಅಕ್ಕಿ ತರಿಸಿ, ಕಲ್ಲು ಒರೆಸಿ ಬೀಸಿ ಕೊಟ್ಟೆ. ಅವತ್ತು ಮನೆಗೆ ಬಂದು ಹೊಟ್ಟೆ ತುಂಬ ಉಂಡೆ.

ಅಂದಿನಿಂದ ಗಿರಣಿಯಲ್ಲೇ ಉಳಿದೆ. ಅತ್ತಿ ಕೂತು ಹೇಳುವುದು, ನಾನು ಬೀಸುವುದು. ಹೀಗೆ ಕೆಲವು ವರ್ಷ ಕಳೆದವು. ಆಮೇಲೆ ಕೂರಲೂ ಆಗದೆ ಜತ್ತದ ದವಾಖಾನೆ ಸೇರಿದಳು. ಅಲ್ಲಿ ಆ ಮೆತ್ತಗಿನ ಜೀವಕ್ಕೆ ಏನಾಯಿತೋ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಯಾರ ಕೈಯಿಂದಲೂ ತುತ್ತು ತಿನ್ನಲೊಲ್ಲಳು. ಯಾಕೆ ಬರುತ್ತಿ, ಹೋಗು ಅಂದಳು. ಮರುದಿನ ಮತ್ತೆ ಗಂಜಿ ಒಯ್ದೆ. ಮತ್ತೆ ಹೋಗು ಅಂದಳು.

"ನಿಮಗ ಬೈಯಾಕ ಬರೂದಿಲ್ಲ ಅತ್ತಿ," ಅಂದೆ. "ಜರಾ ಬಿರಸ ಬೈರಿ."

ನಗಲು ಆಕೆಗೆ ಉಸಿರು ಸಾಲಲಿಲ್ಲ. ಈ ಕಡೆ ಹೊರಳಿ ಬಾಯಿ ತೆರೆದಳು. ಚಮಚೆಯಿಂದ ಗಂಜಿ ಕುಡಿಸಿದೆ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡಳು.

ಮಣ್ಣು ಮಾಡಿದ್ದು ಜತ್ತದಲ್ಲೇ. ಪ್ರಾರ್ಥನೆಗೆ ಬರುವ ಕೆಲವರು, ನಮ್ಮ ಓಣಿಯ ಕೆಲವು ಹೆಂಗಸರು, ಅಷ್ಟೇ. ಸಭಾಪಾಲಕರು ಪ್ರಾರ್ಥನೆ ಮುಗಿಸಿ, ಮನೆಯವರು ಮೊದಲು ಮಣ್ಣು ಹಾಕಲಿ ಎಂದರು. ಯಾರೂ ಅಲುಗಲಿಲ್ಲ. ಆಕೆಗೆ ತನ್ನವರೆಂದು ಯಾರೂ ಇಲ್ಲವೆಂಬುದು ನನಗೆ ಗೊತ್ತಿತ್ತು. ಆದರೆ ಆ ಗುಂಡಿಯ ಮುಂದೆ ನಿಂತಾಗಲೇ ಅದು ಎದೆಗೆ ತಾಗಿದ್ದು. ದಿನಾ ಸಂಜೆ ನನ್ನ ಮನೆಗೆ ಬರುತ್ತಿದ್ದ ಆಕೆಗೆ ಹೋಗಿ ಕೂರಲು ಇನ್ನೊಂದು ಮನೆ ಇರಲಿಲ್ಲ.

ನಾನು ಮುಂದೆ ಬಂದೆ. ನೀವು ಇವರಿಗೆ ಏನಾಗಬೇಕು ಎಂದು ಸಭಾಪಾಲಕರು ಮೆಲ್ಲಗೆ ಕೇಳಿದರು. ಮಗಳು ಅನ್ನಲು ಧೈರ್ಯವಾಗಲಿಲ್ಲ.

"ಸಂಬಂಧಾ ಏನೂ ಇಲ್ರಿ," ಅಂದೆ. "ನಾ ಬೈದರೂ ಇವರು ದಿನಾ ನನ್ನ ಮನಿಗಿ ಬರ್ತಿದ್ರು."

ಅವರು ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.