ಅಕ್ಕಿಯುಂಡೆಯನ್ನು ಮುದ್ದೆಯಂತೆ ನುಂಗಿದ್ದು

ಆವತ್ತು ಆ ಹೋಟೆಲಿನಲ್ಲಿ ಆದದ್ದು ಇಷ್ಟೇ. ಅಗಿದು ತಿನ್ನಬೇಕಾದ್ದನ್ನು ನಾನು ಅಗಿಯದೆ ನುಂಗಿದೆ. ಊಟದಲ್ಲಿ ದೋಷವಿರಲಿಲ್ಲ, ಮಾಡಿದವಳಲ್ಲೂ ಇರಲಿಲ್ಲ. ಚಳ್ಳಕೆರೆಯಲ್ಲಿ ಇದನ್ನು ಬೇರೆ ಬೇರೆ ಥರ ಹೇಳುವವರಿದ್ದಾರೆ. ಅವರ್ಯಾರ ಗಂಟಲಲ್ಲೂ ಆ ಉಂಡೆ ಸಿಕ್ಕಿಕೊಂಡಿರಲಿಲ್ಲ. ನನ್ನ ಗಂಟಲಲ್ಲಿ ಸಿಕ್ಕಿತ್ತು, ಅದಕ್ಕೇ ನಾನು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನಿರುವುದು ತಳಕಿನಲ್ಲಿ, ದೊಡ್ಡ ಮಗನ ಜೊತೆ. ಕಣ್ಣು ತೋರಿಸುವುದಕ್ಕೆಂದು ಚಳ್ಳಕೆರೆಗೆ, ಚಿಕ್ಕ ಮಗನ ಮನೆಗೆ ಬಂದಿದ್ದೆ. ಅವನದು ಶೇಂಗಾ ವ್ಯಾಪಾರ. ಅವನ ಮಗಳು ಕಾಲೇಜಿಗೆ ಹೋಗುತ್ತಾಳೆ, ಉಳಿದ ಹೊತ್ತು ಫೋನಿನಲ್ಲಿ ಕೊರಿಯಾದವರ ಧಾರಾವಾಹಿ ನೋಡುತ್ತಾಳೆ. ಅದರಲ್ಲಿ ಅಳುವವರೂ ಬಟ್ಟಲು ಹಿಡಿದುಕೊಂಡೇ ಅಳುತ್ತಾರೆ. ಅವರು ತಿನ್ನುವುದನ್ನೇ ನಮ್ಮೂರಲ್ಲೂ ಒಂದು ಹೋಟೆಲಿನಲ್ಲಿ ಮಾಡುತ್ತಾರೆ, ಬಾ ಅಂತ ಅವಳು ನನ್ನ ಬೆನ್ನು ಹತ್ತಿದಳು.

"ಹಾವು ಕಪ್ಪೆ ತಿನ್ಸಕ್ಕೆ ನನ್ನನ್ನೇ ಹುಡುಕಿದ್ಯೇನೇ?" ಅಂದೆ.

"ಅಯ್ಯೋ ಅಜ್ಜೀ, ಪೂರಾ ವೆಜ್ ಐತೆ. ಹೋಟ್ಲು ಇಟ್ಟಿರೋ ಅಕ್ಕ ಮೊಳಕಾಲ್ಮೂರಿನೋರು. ನಮ್ಮ ಕಾಲೇಜಿನೋರು ಬಿಟ್ರೆ ಯಾರೂ ಹೋಗಲ್ಲ. ನಿನ್ನಂಥ ದೊಡ್ಡೋರು ಒಬ್ರು ಹೋಗಿ ಕೂತ್ರೆ ಬೇರೆಯೋರೂ ಬರ್ತಾರೆ."

ಆ ಅಕ್ಕನ ಕಥೆಯನ್ನೂ ಅವಳೇ ಹೇಳಿದಳು. ಮಗ್ಗದ ಮನೆಯ ಸೊಸೆ. ಮಗ್ಗದಲ್ಲಿ ಕೆಲಸ ಕಮ್ಮಿಯಾದಾಗ ಹಾಲು ಕುಡಿಯುವ ಮಗಳನ್ನು ತವರಲ್ಲಿ ಬಿಟ್ಟು, ಬೆಂಗಳೂರಿನಲ್ಲಿ ಕೊರಿಯಾದವರ ಹೋಟೆಲಿನ ಅಡಿಗೆಮನೆಗೆ ಸೇರಿದಳಂತೆ. ತರಕಾರಿ ಹೆಚ್ಚುತ್ತಾ ಹೆಚ್ಚುತ್ತಾ ಅವರ ಅಡಿಗೆ ಕಲಿತಳು. ಮೂರು ವರ್ಷ ಆದ ಮೇಲೆ ಊರಿಗೆ ಬಂದರೆ ಮಗಳು ಇವಳನ್ನು ನೋಡಿ ಅಜ್ಜಿಯ ಸೆರಗಿನ ಹಿಂದೆ ಹೋದಳಂತೆ. ವಾಪಸ್ ಹೋಗಲಿಲ್ಲ. ಗಂಡನನ್ನೂ ಮಗಳನ್ನೂ ಕರೆದುಕೊಂಡು ಬಂದು ಚಳ್ಳಕೆರೆಯಲ್ಲಿ ಹೋಟೆಲು ತೆರೆದಳು. ಇದು ನಡೆಯದಿದ್ದರೆ ಮಗಳನ್ನು ಮತ್ತೆ ಬಿಟ್ಟು ಹೋಗಬೇಕು.

ಹೋದೆ. ಮೊದಲು ಟೈಲರ್ ಅಂಗಡಿ ಇದ್ದ ಜಾಗ. ಆರು ಟೇಬಲ್ಲು, ಗೋಡೆಗೆ ತಿಳಿ ಹಸಿರು ಬಣ್ಣ, ನೆಲ ಒರೆಸಿದ ವಾಸನೆ. ಒಂದು ಟೇಬಲ್ಲಿನಲ್ಲಿ ಕಾಲೇಜು ಹುಡುಗಿಯರು, ಇನ್ನೊಂದರಲ್ಲಿ ಪೇಟೆಯ ಇಬ್ಬರು ಗಂಡಸರು. ತಿನ್ನುವುದಕ್ಕಲ್ಲ, ನೋಡುವುದಕ್ಕೆ ಬಂದವರು ಅಂತ ಅವರ ಮುಖವೇ ಹೇಳುತ್ತಿತ್ತು. ಆಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು.

"ಮೀನು, ಮೊಟ್ಟೆ ಏನಾದ್ರೂ ಸೋಕಿಸ್ತೀಯೇನೇ?"

"ಇಲ್ಲ ಅಜ್ಜಿ, ಅದ್ಯಾವುದೂ ನಮ್ಮ ಹೊಸ್ತಿಲು ದಾಟಲ್ಲ. ಅಲ್ಲಿಯೋರು ಸಾರಿಗೆ ಮೀನು ಹಾಕ್ತಾರೆ, ನಾನು ಅಣಬೆ ಹಾಕ್ತೀನಿ."

ಮೊದಲು ಎಲೆಕೋಸನ್ನು ಖಾರದಲ್ಲಿ ಕಲಸಿ ಹುಳಿ ಬರಿಸಿದ್ದನ್ನು ತಂದಿಟ್ಟಳು. ಕೊರಿಯಾದವರು ದಿನಾ ಇದನ್ನು ಉಣ್ಣುತ್ತಾರಂತೆ. ನಿನ್ನೆಯ ಅಂಬಲಿಗೆ ಬರುವಂಥ ಹುಳಿ. ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸಿಕೊಂಡೆ. ಆಮೇಲೆ ಒಂದು ಆಳದ ಬಟ್ಟಲಿನಲ್ಲಿ ಬಿಸಿ ಸಾರು, ಅದರಲ್ಲಿ ನಿಂಬೆಹಣ್ಣಿನ ಗಾತ್ರದ ನಾಲ್ಕು ಬಿಳಿ ಉಂಡೆ. ಇದು ಕೊರಿಯಾದವರದಲ್ಲ, ಜಪಾನಿನವರು ಹೊಸ ವರ್ಷಕ್ಕೆ ಮಾಡುವ ಅಕ್ಕಿಯುಂಡೆ, ಇದನ್ನೂ ಬೆಂಗಳೂರಿನಲ್ಲೇ ಕಲಿತದ್ದು ಅಂದಳು. ಜೊತೆಗೆ ಒಂದು ಕತ್ತರಿ.

"ಇದೇನೇ, ನನ್ನ ಕೂದ್ಲು ಕತ್ತರಿಸ್ತೀಯಾ?"

ಗಂಡಸರು ನಕ್ಕರು. ಅವಳೂ ನಕ್ಕಳು. "ಕೊರಿಯಾದೋರು ಏನಿದ್ರೂ ತಟ್ಟೆಯಾಗೆ ಕತ್ತರಿಸ್ಕೊಂಡೇ ತಿನ್ನೋದು ಅಜ್ಜಿ. ಈ ಉಂಡೆ ಭಾಳ ಜಿಗುಟು. ಸಣ್ಣಗೆ ಕತ್ತರಿಸಿ ಕೊಡ್ತೀನಿ, ಚೆನ್ನಾಗಿ ಅಗಿದು ತಿನ್ರಿ."

"ತಗೊಂಡು ಹೋಗೇ. ಮುದ್ದೆ ಉಂಡು ಬೆಳೆದೋಳಿಗೆ ಉಣ್ಣೋದು ಕಲಿಸ್ತಾಳೆ!"

ಗಂಡಸರು ಮತ್ತೆ ನಕ್ಕರು. ನನಗೂ ಹುರುಪು ಬಂತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟರೆ ತಾನೇ ಇಳಿಯಬೇಕು. ಅಗಿಯುವ ಮಕ್ಕಳ ತಲೆಗೆ ನಾನೇ ಮೊಟಕಿದ್ದೇನೆ. ನನ್ನ ಬಾಯಲ್ಲಿ ಈಗ ಉಳಿದಿರುವುದು ಕೆಳಗೆ ನಾಲ್ಕು, ಮೇಲೆ ಎರಡು ಹಲ್ಲು. ಮುದ್ದೆ ಇರುವ ತನಕ ಅದರ ಚಿಂತೆಯೇ ಇರಲಿಲ್ಲ.

ಉಂಡೆಯನ್ನು ಕೈಯಲ್ಲೇ ಎತ್ತಿದೆ, ಸಾರಿನಲ್ಲಿ ಹೊರಳಿಸಿದೆ, ನುಂಗಿದೆ.

ರಾಗಿ ಹಾಗೆ ಮಾಡುವುದಿಲ್ಲ. ಇದು ಗಂಟಲಿನ ಮಧ್ಯ ಹೋಗಿ ಅಂಟಿಕೊಂಡು ನಿಂತಿತು. ಕೂಗೋಣವೆಂದರೆ ಸದ್ದೇ ಇಲ್ಲ. ಉಸಿರು ಒಳಗೂ ಇಲ್ಲ, ಹೊರಗೂ ಇಲ್ಲ. ಮೊಮ್ಮಗಳ ಮುಖ ಕಪ್ಪಿಟ್ಟಿದ್ದು ಕಾಣಿಸಿತು. ಗಂಡಸರಲ್ಲೊಬ್ಬ, "ನೀರು ಕುಡಿಸ್ರೋ, ಮುದುಕಿ ಹೋಗ್ತೈತೆ!" ಅಂತ ಕೂಗಿದ. ಹೋಟೆಲಿನವಳ ಗಂಡ ಒಳಗಿನಿಂದ ಚೊಂಬು ಹಿಡಿದು ಓಡಿಬಂದ.

"ನೀಳ್ಳು ವದ್ದು!" ಅಂತ ಅವಳು ತನ್ನ ಮನೆಮಾತು ತೆಲುಗಿನಲ್ಲೇ ಚೀರಿದಳು. ನೀರು ಬೇಡ ಅಂತ. ಚೊಂಬನ್ನು ಕೈಯಿಂದ ಹೊಡೆದಳು, ಅದು ನೆಲದ ಮೇಲೆ ಉರುಳಿತು. ನನ್ನನ್ನು ಮುಂದಕ್ಕೆ ಬಗ್ಗಿಸಿ, ಎದೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯ ಬುಡದಿಂದ ಬೆನ್ನಿಗೆ ಗುದ್ದಿದಳು. ಎಷ್ಟು ಗುದ್ದಿದಳೋ. ನನ್ನ ಅತ್ತೆಯೂ ಅಷ್ಟು ಹೊಡೆದಿರಲಿಲ್ಲ. ಉಂಡೆ ಹಾರಿ ಟೇಬಲ್ಲಿನ ಆಚೆ ಬಿತ್ತು. ಉಸಿರು ಬಂತು.

ಯಾರೋ ಫೋನ್ ಮಾಡಿದ್ದರು. ನಾನು ಇನ್ನೂ ಕೆಮ್ಮುತ್ತಿರುವಾಗಲೇ ಮಗ ಬಂದ. ಬಾಗಿಲಲ್ಲಿ ಜನ. ನೀರು ಕುಡಿಸಿ ಅಂತ ಕೂಗಿದ್ದ ಗಂಡಸು ಎಲ್ಲರಿಗೂ ಕೇಳುವ ಹಾಗೆ, "ಸಾಯೋ ಮುದುಕಿಗೆ ಒಂದು ಗುಟುಕು ನೀರು ಕೊಡಲಿಲ್ರೀ, ಚೊಂಬು ಕಿತ್ತು ಬಿಸಾಕಿದ್ಲು. ನಮ್ಮ ಕಣ್ಣಾರೆ ನೋಡಿದ್ದು," ಅಂದ. ಕಣ್ಣಾರೆ ನೋಡಿದ್ದು ನಿಜವೇ. ನಮ್ಮಲ್ಲಿ ಕೊನೆಗಳಿಗೆಯಲ್ಲಿ ಬಾಯಿಗೆ ನೀರು ಬಿಡದವರನ್ನು ಯಾರೂ ಕ್ಷಮಿಸುವುದಿಲ್ಲ. ಮಗನಿಗೆ ಅಷ್ಟೇ ಸಾಕಾಯಿತು.

"ನಮ್ಮವ್ವನ್ನ ಕೊಲ್ಲಕ್ಕೆ ಹೋಟ್ಲು ಇಟ್ಟಿದ್ದೀಯಾ? ನಾಳೆ ಈ ಬಾಗ್ಲು ತೆಗೆದೀಯಾ, ನೋಡ್ಕೋ!"

ಅವಳು ನನ್ನ ಮುಖ ನೋಡಿದಳು. ಇವಳು ಕತ್ತರಿ ತಂದಿದ್ದಳು, ಅಗಿದು ತಿನ್ನಿ ಅಂದಿದ್ದಳು ಅಂತ ನಾನು ಹೇಳುತ್ತೇನೇನೋ ಅಂತ.

ನಾನು ಹೇಳಲಿಲ್ಲ. ಗಂಟಲು ನೋಯುತ್ತಿತ್ತು, ಆದರೆ ಮಾತು ಬರುತ್ತಿತ್ತು. ನಾಚಿಕೆ. ಅಷ್ಟು ಜನರ ಮುಂದೆ, ಉಣ್ಣುವುದಕ್ಕೆ ಬರದ ಮುದುಕಿ ಅನ್ನಿಸಿಕೊಳ್ಳಬೇಕಲ್ಲ ಅಂತ. ಮಗನ ತೋಳು ಹಿಡಿದು ಎದ್ದು ಬಂದುಬಿಟ್ಟೆ.

ಮನೆಯಲ್ಲಿ ಸೊಸೆ ಗಂಜಿ ಮಾಡಿಕೊಟ್ಟಳು. ಮೊಮ್ಮಗಳು ತಟ್ಟೆಯ ಮುಂದೆ ಕೂರಲಿಲ್ಲ.

"ಉಣ್ಣೇ," ಅಂದೆ.

"ಆ ಅಕ್ಕ ಹೊಡೀದಿದ್ರೆ ನೀನು ಇವತ್ತು ಇರ್ತಿರ್ಲಿಲ್ಲ. ಗಂಟ್ಲಾಗೆ ಸಿಕ್ಕಾಗ ನೀರು ಹಾಕಬಾರ್ದಂತೆ, ಇನ್ನೂ ಗಟ್ಟಿ ಕೂತ್ಕೊಂತೈತಂತೆ. ನಿನಗೆ ಗೊತ್ತಿರ್ಲಿಲ್ಲ, ಸರಿ. ಕತ್ತರಿ ಬೇಡ ಅಂದಿದ್ದು ಗೊತ್ತಿತ್ತಲ್ಲ? ನಾನು ಹೇಳಿದ್ದನ್ನ ಅಪ್ಪ ಕೇಳ್ಲಿಲ್ಲ, ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

ನನ್ನ ಮಗನಿಗೂ ಅಷ್ಟು ಜೋರಾಗಿ ನನ್ನ ಜೊತೆ ಮಾತಾಡುವ ಧೈರ್ಯವಿಲ್ಲ. ಬೈಯಬೇಕೆಂದುಕೊಂಡವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ. ಅಷ್ಟರಲ್ಲಿ ನಾನು ಬಗ್ಗಿ ಕೆಮ್ಮುವ ವಿಡಿಯೋ ಯಾರ ಯಾರದೋ ಫೋನಿನಲ್ಲಿ ಓಡಾಡುತ್ತಿತ್ತು. ಸೊಸೆಯ ಫೋನಿಗೂ ಬಂತು. ಅದರಲ್ಲಿ ಚೊಂಬು ಬೀಳುವುದಿದೆ. ಕತ್ತರಿ ಇಲ್ಲ.

ಮರುದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಮಗ ಅಂಗಡಿಗೆ ಹೊರಟಾಗ ಸ್ಕೂಟರಿನ ಹಿಂದೆ ಕೂತೆ. ಎಲ್ಲಿಗೆ ಅಂತ ಅವನು ಕೇಳಿದ. ನಡಿ, ಹೇಳ್ತೀನಿ ಅಂದೆ. ಆ ಹೋಟೆಲಿನ ಮುಂದೆ ನಿಲ್ಲಿಸು ಅಂದಾಗ ಅವನ ಬೆನ್ನು ಸೆಟೆದುಕೊಂಡಿತು.

"ಅವ್ವ, ಬ್ಯಾಡ. ಜನ ಏನಂತಾರೆ?"

"ನಿನ್ನೆ ಅಂದಾತಲ್ಲ. ಇಳಿ."

ಬಾಗಿಲು ಅರ್ಧ ತೆಗೆದಿತ್ತು. ಗಂಡ ಹೆಂಡತಿ ಪಾತ್ರೆಗಳನ್ನು ಗೋಣಿಚೀಲಕ್ಕೆ ಹಾಕುತ್ತಿದ್ದರು. ನಮ್ಮನ್ನು ನೋಡಿ ಅವಳು ಗೋಡೆಗೆ ಸರಿದು ನಿಂತಳು.

"ಇವಳು ಕತ್ತರಿ ತಂದಿದ್ಲು. ಅಗಿದು ತಿನ್ನು ಅಂದಿದ್ಲು. ನಾನೇ ಕೇಳ್ಲಿಲ್ಲ," ಅಂದೆ ಮಗನಿಗೆ. "ಚೊಂಬು ಬಿಸಾಕಿದ್ದಕ್ಕೇ ನಾನು ಉಳಿದಿರೋದು. ನಿನ್ನೆ ಏನಂದ್ಯೋ ಅದಕ್ಕೆ ಈಗ ಏನು ಹೇಳ್ಬೇಕೋ ಹೇಳು."

ಅವನು ನೆಲ ನೋಡಿಕೊಂಡೇ, "ತಪ್ಪಾತಮ್ಮ," ಅಂದ. ನನಗೂ ಅದನ್ನೇ ಹೇಳುವುದಿತ್ತು, ಹೇಳಿದೆ. ಅವಳ ಕಣ್ಣು ತುಂಬಿಕೊಂಡವು.

"ಅಳೋದು ಆಮ್ಯಾಲೆ. ಒಲೆ ಹಚ್ಚು. ನಿನ್ನೆ ಕೊಟ್ಟಿದ್ದನ್ನೇ ಕೊಡು. ಕತ್ತರಿನೂ ತಗೊಂಡು ಬಾ."

ಟೇಬಲ್ಲೊಂದನ್ನು ಮಗನ ಕೈಯಲ್ಲೇ ಬಾಗಿಲ ಹೊರಗೆ, ರಸ್ತೆಗೆ ಕಾಣುವಂತೆ ಇಡಿಸಿದೆ. ಅವಳು ನಾಲ್ಕು ಉಂಡೆಯನ್ನೂ ಕಡಲೆಬೀಜದಷ್ಟು ಸಣ್ಣಗೆ ಕತ್ತರಿಸಿದಳು. ನಾನು ಒಂದೊಂದನ್ನೇ ಬಾಯಿಗಿಟ್ಟು ಇರುವ ಆರು ಹಲ್ಲಿನಲ್ಲಿ ಅಗಿದೆ. ಬಹಳ ಹೊತ್ತು ಹಿಡಿಯಿತು. ಪೇಟೆಗೆ ಹೋಗುವವರು ನಿಂತು ನಿಂತು ನೋಡಿದರು. ಹೂ ಮಾರುವವಳೊಬ್ಬಳು ಬುಟ್ಟಿ ಇಳಿಸಿ ಹತ್ತಿರ ಬಂದಳು.

"ಏನ್ರಜ್ಜಿ, ಇದೇ ಹೋಟ್ಲಲ್ವಾ ನಿನ್ನೆ ಯಾರೋ ಮುದುಕಿ..."

"ನಾನೇ ಆ ಮುದುಕಿ," ಅಂದೆ. ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ಮುಗಿಸಿದ ಮೇಲೆ ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದೆ.